ಡಬ್ಬಿಯ ಕಣ್ಣಿಗೆ ಬೀಳದವಳು

“ಗುರುಗಳೇ, ನನ್ನನ್ನು ನಾನು ಬಿಡದೆ ಗಮನಿಸುತ್ತಿದ್ದೇನೆ. ಆದರೂ ನಾನು ಯಾರೆಂಬುದು ಕಾಣುತ್ತಿಲ್ಲ. ಏಕೆ?” ಎಂದು ಶಿಷ್ಯನು ಕೇಳಿದನು. ಬೆಳಗಿನಿಂದ ಅವನದು ಇದೇ ಪ್ರಶ್ನೆ.

ಗುರುಗಳು ಹೇಳಿದರು:

ಹೂ ಕಟ್ಟುವವರ ಕೇರಿಯಲ್ಲಿ ಹುಟ್ಟಿದ ಒಬ್ಬ ಹುಡುಗಿ ಪೇಟೆಗೆ ಹೋಗಿ ಫೋಟೋ ತೆಗೆಯುವುದನ್ನು ಕಲಿತಳು. ಮರಳಿ ಬಂದಾಗ ಕೇರಿಯ ಹೆಂಗಸರು ಅವಳಿಗೆ ಕುರ್ಚಿ ಹಾಕಿ, ತಾವು ಎಂದಿನಂತೆ ನೆಲದ ಮೇಲೆ ಕೂತರು. ಅದು ಅವಳಿಗೆ ಚುಚ್ಚಿತು. ಇವರ ಸಾಲಿನಲ್ಲಿ ನನ್ನ ಮುಖವೂ ಇರುವ ಒಂದು ಚಿತ್ರ ತೆಗೆದೇ ತೀರುತ್ತೇನೆ ಎಂದು ಹಟ ತೊಟ್ಟಳು.

ಅಂಗಡಿಯ ಕ್ಯಾಮೆರಾ ಬೇಡವೆನ್ನಿಸಿತು. ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದ ಚಿತ್ರದಲ್ಲಿ ದಾರಿಹೋಕರೂ ಬಂದು ನಿಲ್ಲಬಹುದಲ್ಲ. ಬಿಸ್ಕತ್ತಿನ ಡಬ್ಬಿಯ ಒಳಗೆಲ್ಲ ಕಪ್ಪು ಬಳಿದು, ಸೂಜಿಯಿಂದ ಒಂದು ತೂತು ಕೊರೆದು, ಒಳಗೆ ಫೋಟೋ ಕಾಗದ ಅಂಟಿಸಿ ತನ್ನದೇ ಕ್ಯಾಮೆರಾ ಮಾಡಿಕೊಂಡಳು. ಆ ಡಬ್ಬಿ ಬಹಳ ನಿಧಾನದ್ದು. ಅದರ ಮುಂದೆ ಅರ್ಧ ಗಂಟೆ ಒಂದೇ ಕಡೆ ಕೂತವರು ಚಿತ್ರದಲ್ಲಿ ಉಳಿಯುತ್ತಾರೆ, ಎದ್ದು ಓಡಾಡುವವರು ಅಳಿಸಿಹೋಗುತ್ತಾರೆ.

ತೂತಿನ ಮುಚ್ಚಳ ತೆಗೆದು, ಓಡಿಬಂದು ಹೆಂಗಸರ ನಡುವೆ ಕೂತಳು. ಚಿತ್ರ ತೊಳೆದು ನೋಡಿದರೆ ಹೂ ಕಟ್ಟುವ ಕೈಗಳು ಮಂಜಿನಂತಿದ್ದವು, ಮುಖಗಳೆಲ್ಲ ಇದ್ದವು. ಅವಳೊಬ್ಬಳು ಇರಲಿಲ್ಲ. ತೂತು ದೊಡ್ಡದಾಯಿತೆಂದು ಬೇರೆ ಡಬ್ಬಿ ಮಾಡಿದಳು. ಕಾಗದ ಸರಿಯಿಲ್ಲವೆಂದು ಬೇರೆ ಕಾಗದ ತಂದಳು. ಪ್ರತಿಸಲವೂ ಅವಳ ಜಾಗ ಖಾಲಿ. ಅತ್ತಳು, ಆದರೆ ಬಿಡಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಅವಳ ಅಜ್ಜಿ, ಮುಂದಿನ ಸಲ ಮೊಮ್ಮಗಳು ಬಂದು ಕೂತೊಡನೆ, ಬಾಳೆನಾರಿನ ತುದಿಯನ್ನು ಅವಳ ಕಾಲ ಹೆಬ್ಬೆರಳಿಗೆ ಬಿಗಿದು ಮಡಿಲಿಗೆ ಮಲ್ಲಿಗೆ ಸುರಿದಳು.

“ಇರಜ್ಜಿ, ಡಬ್ಬಿ ನೆಟ್ಟಗಿದೆಯಾ ನೋಡಿ ಬರ್ತೀನಿ.”

“ಗಳಿಗೆಗೊಂದು ಸಲ ಎದ್ದು ನೋಡೋಕೆ ಅದೇನು ಒಲೆ ಮೇಲಿಟ್ಟ ಹಾಲಾ? ಮಾಲೆ ಮುಗಿಯೋ ತನಕ ಕೂತ್ಕೊಳೇ.”

ಹುಡುಗಿ ಕಟ್ಟತೊಡಗಿದಳು. ಮರೆತಿದ್ದ ಗಂಟು ಬೆರಳಿಗೆ ಮತ್ತೆ ಬಂತು, ಡಬ್ಬಿ ಮರೆತೇಹೋಯಿತು. ಮಾಲೆ ಮುಗಿಯುವಾಗ ತೂತಿಗೆ ಮುಚ್ಚಳ ಹಾಕುವ ಹೊತ್ತು ಮೀರಿತ್ತು. ಚಿತ್ರ ಮಸುಕಾಗಿ ಬಂತು, ಯಾವ ಮುಖವೂ ಚೆನ್ನಾಗಿ ಕಾಣುತ್ತಿರಲಿಲ್ಲ. ಆದರೆ ಅಜ್ಜಿಯ ಪಕ್ಕದ ಜಾಗ ತುಂಬಿತ್ತು. ಹುಡುಗಿಗೆ ಹೇಳತೀರದ ಸಂತೋಷವಾಯಿತು.

ಕತೆ ಮುಗಿಸಿ ಗುರುಗಳು ಅಡುಗೆಮನೆಯ ಕಡೆ ನೋಡಿದರು. ಉಳಿದ ಶಿಷ್ಯರೆಲ್ಲ ಅಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು.

“ಅಲ್ಲಿ ನಿನ್ನ ಈಳಿಗೆಮಣೆ ಖಾಲಿ ಇದೆ. ಬೆಳಗಿನಿಂದ ಎಷ್ಟು ಸಲ ಎದ್ದು ಬಂದೆ, ಮಗು?”