ಎದುರಿಗೆ ಕೂತು ನೋಡಿದ ವಿಮಾನ

ಹೊಳೆದಂಡೆಯ ಆ ಆಶ್ರಮದಲ್ಲಿ ಜಪ ಕಡಿಮೆ, ಅಂಟಿನ ವಾಸನೆ ಜಾಸ್ತಿ. ಗುರು ಮರುಳಯ್ಯನವರು ಶಿಷ್ಯರ ಕೈಯಲ್ಲಿ ವಿಮಾನ ಮಾಡಿಸುತ್ತಿದ್ದರು. ರಿಮೋಟಿನಲ್ಲಿ ಹಾರುವಂಥದ್ದು, ಮೇಲೆ ಹೋಗಿ ಲಾಗ ಹಾಕುವಂಥದ್ದು. ಈ ವಯಸ್ಸಿನಲ್ಲಿ ಸ್ವಾಮಿಗೆ ಇದೆಂಥ ಹುಚ್ಚು ಅಂತ ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳದೆ ಇರುತ್ತದಾ?

ಅಲ್ಲಿಗೆ ಬಂದ ಚೌಡೇಶ. ಮೂವತ್ತು ದಾಟಿದ ಗಂಡಸು, ನಿಶ್ಚಿತಾರ್ಥದ ಹಸೆಯಿಂದಲೇ ಎದ್ದು ಬಂದ ಮಹಾರಾಯ. ಎದುರು ಕೂತ ಹುಡುಗಿ ಸುಮಂಗಲಾ ಇವನ ಮುಖ ನೋಡಿ ಕಿಸಕ್ಕನೆ ನಕ್ಕಳಂತೆ. ಅಷ್ಟಕ್ಕೇ! ಉಂಗುರ ತಟ್ಟೆಯಲ್ಲೇ ಉಳಿಯಿತು. ಹೋಳಿಗೆ ಆರಿ ಹಪ್ಪಳವಾಯಿತು.

"ಸಂಸಾರ ಸಾಕಾಯಿತು ಗುರುಗಳೇ, ದೀಕ್ಷೆ ಕೊಡಿ" ಅಂದ.

"ಶುರುವೇ ಆಗಲಿಲ್ಲವಲ್ಲೋ, ಸಾಕಾದದ್ದು ಹೇಗೆ? ಒಂದು ವಿಮಾನ ಕಟ್ಟು. ಹಾರಿ ನೆಟ್ಟಗೆ ಇಳಿದರೆ ದೀಕ್ಷೆ. ಬಿದ್ದರೆ ಆ ಹುಡುಗಿಯ ಮನೆಗೆ ಹೋಗಿ ಮಾತಾಡು."

ಏಳು ತಿಂಗಳು ಹಗುರ ಮರ ಕೊಯ್ದ, ಅಂಟಿಸಿದ, ಉಜ್ಜಿದ. ರೆಕ್ಕೆಗೆ ಕೆಂಪು ಹಾಳೆ ಹೊದಿಸಿದ. ಅದು ನಿಶ್ಚಿತಾರ್ಥದ ಸೀರೆಯ ಬಣ್ಣವೇ ಅಂತ ಆಶ್ರಮದ ಅಡಿಗೆಯ ಕಾಳಮ್ಮ ಅವನ ಬಾಯಿ ಬಿಡಿಸಿ ಕಂಡುಹಿಡಿದಳು. ಅವಳ ಕಣ್ಣಿಗೆ ಬೀಳದ್ದು ಏನಿದೆ?

ಹಾರಿಸುವ ಬೆಳಗ್ಗೆ ಚೌಡೇಶ ವಿಮಾನವನ್ನು ಬಯಲಲ್ಲಿಟ್ಟು ಅದರ ಮೂತಿಯ ಎದುರು ಕೂತ. ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದ. ಬಲಗಡೆ ರೆಕ್ಕೆಯ ಅಂಚಿನ ಪಟ್ಟಿ ಮೇಲೆದ್ದಿತು. ಪಟ್ಟಿ ಎದ್ದ ಕಡೆಗೇ ವಿಮಾನ ವಾಲುವುದು.

"ಎಲ್ಲ ಸರಿಯಿದೆ ಗುರುಗಳೇ."

"ಎಲ್ಲಿ ಕೂತು ನೋಡಿದೆ?"

"ಇಲ್ಲೇ, ಎದುರಿಗೇ. ಕಣ್ಣಿಟ್ಟು ನೋಡಿದ್ದೇನೆ."

ಗುರುಗಳು ಇನ್ನೊಮ್ಮೆ ಅದನ್ನೇ ಕೇಳಿದರು. ಅವನೂ ಅದನ್ನೇ ಹೇಳಿದ, ಸ್ವಲ್ಪ ಸಿಡುಕಿನಿಂದ.

ವಿಮಾನ ಎದ್ದಿತು. ಗಾಳಿಗೆ ಎಡಕ್ಕೆ ವಾಲಿತು. ಚೌಡೇಶ ಕಡ್ಡಿಯನ್ನು ಬಲಕ್ಕೆ ಒತ್ತಿದ. ಇನ್ನಷ್ಟು ಎಡಕ್ಕೆ ವಾಲಿತು. ಪೂರ್ತಿ ಬಲಕ್ಕೆ ಒತ್ತಿದ. ಮಗುಚಿಕೊಂಡು ನೆಲಕ್ಕೆ ಬಡಿಯಿತು.

"ಬಲಕ್ಕೆ ಅಂದರೆ ಎಡಕ್ಕೆ ಹೋಯಿತು! ನೋಡಿದಾಗ ಸರಿಯಿತ್ತು, ಆಣೆಗೂ ಸರಿಯಿತ್ತು. ನನಗೊಂದೂ ತಿಳಿಯುತ್ತಿಲ್ಲ."

ಮೂತಿ ಪುಡಿಯಾಗಿತ್ತು, ರೆಕ್ಕೆ ಉಳಿದಿತ್ತು. ಗುರುಗಳು ಅವನನ್ನು ಬಾಲದ ಹಿಂದೆ ಕೂರಿಸಿದರು.

"ಈಗ ಬಲಕ್ಕೆ ಒತ್ತು."

ಒತ್ತಿದ. ಎಡರೆಕ್ಕೆಯ ಪಟ್ಟಿ ಮೇಲೆದ್ದಿತು.

"ಅಯ್ಯೋ, ಆಗ ಇದು ಬಲಕ್ಕಿತ್ತಲ್ಲ!"

"ನಿನ್ನ ಬಲಕ್ಕೆ. ಅದರ ಬಲಕ್ಕಲ್ಲ."

"ಗೊತ್ತಿದ್ದೂ ಹಾರಿಸಲು ಬಿಟ್ಟಿರಾ?"

"ಎರಡು ಸಲ ಕೇಳಿದೆನಲ್ಲಪ್ಪ." ಗುರುಗಳು ಮುರಿದ ಚೂರುಗಳನ್ನು ಆರಿಸತೊಡಗಿದರು. "ಸುಮಂಗಲಾ ನಕ್ಕಾಗ ನಿನ್ನ ಬೆನ್ನ ಹಿಂದೆ ಏನಾಗುತ್ತಿತ್ತು?"

ಚೌಡೇಶ ಪೆಚ್ಚುಪೆಚ್ಚಾಗಿ ತಲೆ ಕೆರೆದುಕೊಂಡ.

"ಬೆನ್ನ ಹಿಂದೆಯಾ? ಸೋದರಮಾವ ಕೂತಿದ್ದ. ತೂಕಡಿಸುತ್ತಿದ್ದ, ಕೈಯಲ್ಲಿ ಪಾಯಸದ ಲೋಟ... ಯಾಕೆ ಗುರುಗಳೇ? ಏನಾಯಿತು ಅಲ್ಲಿ?"

"ನನಗೇನು ಗೊತ್ತು? ಹೋಗಿ ಅವಳನ್ನೇ ಕೇಳು. ಎದುರಿಗೆ ಮಾತ್ರ ಕೂರಬೇಡ."