ಬರಿಯ ಮಂಗಳವಾರದ ಎಲೆ

"ಅವ್ವಾ, ಪರನಾಡಿಗೆ ಹೋಗಿ ಆರು ವರ್ಷವಾಯಿತು. ಗಂಡ ಒಳ್ಳೆಯವನು, ಅನ್ನಕ್ಕೆ ಕೊರತೆಯಿಲ್ಲ. ಆದರೂ ಅಲ್ಲಿ ಒಂದು ದಿನವೂ ಹಿತವೆನಿಸುವುದಿಲ್ಲ. ನಾಳಿದ್ದು ಮತ್ತೆ ಹಡಗು ಹತ್ತಬೇಕು. ನಮ್ಮದಲ್ಲದ ಊರಿನಲ್ಲಿ ಸಂತೋಷವನ್ನು ಎಲ್ಲಿಂದ ತರಲಿ?" ಎಂದು ಶಿಷ್ಯೆ ಕೇಳಿದಳು.

ಗುರುವೆಂದರೆ ಒಬ್ಬಳು ಮುದುಕಿ. ಓದಿದವಳಲ್ಲ. ಅವಳಿಗೆ ಗೊತ್ತಿದ್ದ ಶಾಸ್ತ್ರವೆಲ್ಲ ನಾಲ್ಕು ಮನೆಯ ಸುದ್ದಿ. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಹತ್ತಿರ ಬಾ. ಇನ್ನೂ ಹತ್ತಿರ. ಇದು ಒಬ್ಬ ಮರ್ಯಾದಸ್ಥ ಹೆಂಗಸಿನ ವಿಷಯ, ನಿನ್ನ ಹೊಟ್ಟೆಯಲ್ಲೇ ಇರಲಿ. ಹೊರಗೆ ಬಾಯಿ ಬಿಟ್ಟೆಯೋ, ನಾನು ಹೇಳಿಯೇ ಇಲ್ಲವೆಂದು ನಿನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಬಿಡುತ್ತೇನೆ."

ಕಡಲಾಚೆಯ ಒಂದು ಪಟ್ಟಣದಲ್ಲಿ ನಮ್ಮ ನಾಡಿನವರದ್ದೇ ಒಂದು ಬೀದಿ ಇತ್ತು. ಅಲ್ಲಿ ಒಬ್ಬ ಮೆಣಸಿನ ವ್ಯಾಪಾರಿಯ ಹೆಂಡತಿ ಇದ್ದಳು. ಹನ್ನೊಂದು ವರ್ಷದಿಂದ ಇದ್ದಳು, ಆದರೆ ತಂದ ಪೆಟ್ಟಿಗೆಯ ಹಗ್ಗ ಬಿಚ್ಚಿರಲಿಲ್ಲ. ಸಂಜೆಯಾದರೆ ಬೀದಿಯ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಸೇರಿ ಆ ಊರನ್ನು ಬೈಯುವುದು ವಾಡಿಕೆ. ನೀರು ಸಪ್ಪೆ, ಅಕ್ಕಿ ದಪ್ಪ, ಬದನೆಕಾಯಿಗೆ ಬದನೆಕಾಯಿಯ ಬುದ್ಧಿಯೇ ಇಲ್ಲ. ಹೆಚ್ಚು ಬೈದವಳಿಗೆ ಹೆಚ್ಚು ಮರ್ಯಾದೆ. ವ್ಯಾಪಾರಿಯ ಹೆಂಡತಿಯನ್ನು ಮೀರಿಸಿದವರಿಲ್ಲ.

ಒಂದು ದಿನ ಎದುರು ಮನೆಯ ಕಂಚುಗಾರನ ಹೆಂಡತಿ ಜಗಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳ ಗಂಡ ಕೆಲಸದ ಮೇಲೆ ಬೇರೆ ದ್ವೀಪಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಗಂಡ ಮನೆಯಲ್ಲಿಲ್ಲದ ಹೆಂಗಸು ಬಾಡಬೇಕು ತಾನೇ? ಇವಳು ಅರಳಿದಳು. ನೀರು ತರುವಾಗ ಗುನುಗಿದಳು. ಆ ಊರಿನ ವಾಸನೆಯಿಲ್ಲದ ಹಳದಿ ಹೂವು ಮುಡಿದಳು. ಸೊಪ್ಪು ಮಾರುವವಳ ಜೊತೆ ಅವಳದೇ ಭಾಷೆಯಲ್ಲಿ ಚೌಕಾಸಿ ಮಾಡಿ ನಕ್ಕಳು.

ವ್ಯಾಪಾರಿಯ ಹೆಂಡತಿಗೆ ಅನ್ನ ಇಳಿಯಲಿಲ್ಲ. ನಗುವಿಗೊಂದು ಕಾರಣ ಬೇಡವೆ? ಆ ಕಾರಣಕ್ಕೆ ಮೀಸೆ ಇರಲೇಬೇಕು.

ಮಧ್ಯಾಹ್ನ ಹೋಗಿ ಎದುರು ಮನೆಯ ಕಿಟಕಿಯಲ್ಲಿ ಇಣುಕಿದಳು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಬರಿಯ ಮಂಗಳವಾರ. ಆದರೂ ನೆಲ ಸಾರಿಸಿ, ಎರಡು ಎಳೆ ರಂಗೋಲಿ ಎಳೆದು, ಎಲೆ ಹಾಕಿತ್ತು. ತುದಿಗೆ ಉಪ್ಪು, ಪಕ್ಕಕ್ಕೆ ಕೋಸಂಬರಿ, ಪಲ್ಯ, ಮೂಲೆಗೆ ಪಾಯಸ. ಮನೆಯ ಹೆಂಗಸೆಂದರೆ ಎಲ್ಲರೂ ಉಂಡೆದ್ದ ಮೇಲೆ ಒಲೆಯ ಮುಂದೆ ಪಾತ್ರೆಯಲ್ಲೇ ಕಲಸಿಕೊಂಡು ಉಣ್ಣುವವಳು. ಎಲೆ ಬೀಳುವುದು ಬಂದವರಿಗೆ. ಹಾಗಾದರೆ ಯಾರೋ ಬರುತ್ತಿದ್ದಾನೆ.

ಅವಳು ಅಲ್ಲಿ ನಿಲ್ಲಲಿಲ್ಲ. ನೋಡಿದ್ದನ್ನು ಹೇಳದೆ ಅರೆಗಳಿಗೆ ಇರುವುದೂ ಅವಳಿಗೆ ಕಷ್ಟ. ಜಗಲಿಗೆ ಓಡಿ ಬಂದು, "ಕಣ್ಣಾರೆ ಕಂಡೆ ಕಣ್ರೇ! ಪಾಯಸ! ಅದಕ್ಕೆ ತುಪ್ಪ ಬೇರೆ!" ಎಂದಳು.

ತುಪ್ಪವೆಂದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಕಂಚುಗಾರ ಶುಕ್ರವಾರದ ಹಡಗಿಗೆ ಬರುವವನಿದ್ದ. ಬಂದ ಕೂಡಲೇ ಹೇಳಿಬಿಡುವುದು, ಆಮೇಲೆ ಅವಳು ಈ ಬೀದಿಯಲ್ಲಿ ಇರಕೂಡದು ಎಂದು ಎಲ್ಲರೂ ನಿಶ್ಚಯಿಸಿದರು. "ನಾಳೆ ಆ ಎಲೆಗೆ ಕೂರುವವನ ಜುಟ್ಟು ಹಿಡಿದು ಎಳೆದು ತರುತ್ತೇನೆ" ಎಂದು ವ್ಯಾಪಾರಿಯ ಹೆಂಡತಿ ಮಾತು ಕೊಟ್ಟಳು.

ಮರುದಿನ ಮಧ್ಯಾಹ್ನ ಹೆಂಗಸರು ಕಿಟಕಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತರು. ವ್ಯಾಪಾರಿಯ ಹೆಂಡತಿ ಬಾಗಿಲು ನೂಕಿ ಒಳಗೆ ನುಗ್ಗಿದಳು. ಬಡಿಸಿದ ಎಲೆಯಿಂದ ಹಬೆ ಏಳುತ್ತಿತ್ತು. ಎಲೆಯ ಮುಂದೆ ಯಾರೂ ಇರಲಿಲ್ಲ. ಬಾಗಿಲ ಹಿಂದೆ ನೋಡಿದಳು, ಅಟ್ಟ ನೋಡಿದಳು, ಅಕ್ಕಿಯ ಗುಡಾಣದ ಮುಚ್ಚಳವನ್ನೂ ಎತ್ತಿದಳು.

"ಎಲ್ಲೇ ಅವನು? ಯಾರಿಗೆ ಈ ಎಲೆ?"

"ನನಗೇ ಅಕ್ಕಾ" ಎಂದು ಕಂಚುಗಾರನ ಹೆಂಡತಿ ಎಲೆಯ ಮುಂದೆ ಕೂತಳು. "ಊರಿಗೆ ಹೋದ ಮೇಲೆ ಚೆನ್ನಾಗಿ ಉಂಡರಾಯಿತು ಅಂತ ಏಳು ವರ್ಷ ಒಲೆಯ ಮುಂದೆ ನಿಂತು ತಂಗಳು ತಿಂದೆ. ಒಂದು ದಿನ ಯಾಕೋ ನನ್ನನ್ನು ಕಂಡು ನನಗೇ ಅಯ್ಯೋ ಅನ್ನಿಸಿತು. ಎಲೆ ಹಾಕಿ, ಕೂರು ತಾಯಿ ಅಂದೆ. ಈ ಊರಿನ ಬದನೆಕಾಯಿ ತುಂಬ ರುಚಿ ಕಣಕ್ಕಾ, ನಾವು ನಿಂತು ತಿಂದು ಗೊತ್ತಾಗಿರಲಿಲ್ಲ."

ಕಿಟಕಿಯ ಕೆಳಗೆ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. "ಪಾಯಸ ಮಿಕ್ಕಿದೆಯೇನೇ?" ಎಂದು ಇನ್ನೊಬ್ಬಳು ಕೂಗಿದಳು. ಕಂಚುಗಾರನಿಗೆ ಹೇಳಬೇಕೆಂದಿದ್ದ ಮಾತು ಅಲ್ಲೇ ಸತ್ತಿತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗುಂಟ ಕೂತರು.

ವ್ಯಾಪಾರಿಯ ಹೆಂಡತಿ ಮಾತ್ರ ನಿಂತೇ ಇದ್ದಳು. "ಕಂಡವರ ನೆಲದಲ್ಲಿ, ಹಬ್ಬವಿಲ್ಲ ಹರಿದಿನವಿಲ್ಲ, ಯಾರಾದರೂ ಪಾಯಸ ಮಾಡುತ್ತಾರೇನೇ?" ಎಂದಳು. ಬಾಯಿ ಬೈಯುತ್ತಿತ್ತು, ಕಣ್ಣು ಪಾಯಸದ ಮೇಲಿತ್ತು.

ಮುದುಕಿ ಇಲ್ಲಿ ಕತೆ ನಿಲ್ಲಿಸಿದಳು. ಶಿಷ್ಯೆಗೆ ನಗು ತಡೆಯಲಾಗಲಿಲ್ಲ. "ಅದಕ್ಕೆ ಕಂಚುಗಾರನ ಹೆಂಡತಿ ಏನಂದಳು ಅವ್ವಾ?" ಎಂದು ಕೇಳಿದಳು.

ಮುದುಕಿ ಶಿಷ್ಯೆಯ ಮುಖವನ್ನೇ ನೋಡುತ್ತ ಹೇಳಿದಳು: "ಇನ್ನೊಂದು ಎಲೆ ತೊಳೆದು ಹಾಕಿ ಮುಖಕ್ಕೇ ಕೇಳಿದಳು, 'ಅಕ್ಕಾ, ಹನ್ನೊಂದು ವರ್ಷವಾಯಿತು, ನೀವು ಈ ಊರಿಗೆ ಬರುವುದು ಯಾವಾಗ?'"