ಐದು ಹನಿ, ನಲವತ್ತು ಕೊಕ್ಕು

ಐದು ಹನಿ ಲಸಿಕೆ, ನಲವತ್ತು ಕೊಕ್ಕು. ಮೊದಲ ಹನಿ ಯಾರಿಗೆ, ಹೇಳಿ ನೋಡೋಣ? ತಲೆ ಕೆರ್ಕೋಬೇಡಿ, ನಿಮ್ಮ ಕೈಲಾಗಲ್ಲ.

ಕೋಳಿಗೂಡಿಗೆ ಶೀತಜ್ವರ ಬಂದಿತ್ತು. ಮಲಗಿದವರಿಗೆಲ್ಲ ನೀರು ಕುಡಿಸುತ್ತಿದ್ದವಳು ಬೂದು ಹೇಂಟೆ ಒಬ್ಬಳೇ. ಆಮೇಲೆ ರೋಗಿಗಳನ್ನು ಮುಟ್ಟಿದ ಅದೇ ರೆಕ್ಕೆಯಡಿ ಅವಳ ಆರು ಮರಿ ಮಲಗಬೇಕು. ಲಸಿಕೆ ಬಂತೆಂದು ಅವಳು ಓಡಿಬಂದರೆ, ಇಲ್ಲಿ ವೇದಿಕೆ ಹಾಕಿದ್ದಾರೆ!

"ಮೊದಲ ಹನಿ ಅಧ್ಯಕ್ಷನಾದ ನನಗೆ," ಎಂದ ಹುಂಜ. "ಎರಡನೆಯದು ಮುಖ್ಯ ಅತಿಥಿ ನವಿಲಪ್ಪನವರಿಗೆ. ಮೂರನೆಯದು ಸ್ವಾಗತ ಭಾಷಣದವರಿಗೆ, ನಾಲ್ಕನೆಯದು ವಂದನಾರ್ಪಣೆಯವರಿಗೆ, ಐದನೆಯದು ಹಾರ ಹಾಕುವವರಿಗೆ."

"ಅಣ್ಣಾ, ರೋಗಿಗಳನ್ನು ಮುಟ್ಟೋಳು ನಾನು. ನಂಗೆ ಅಂಟಿದ್ರೆ ಮರಿಗಳಿಗೂ ಅಂಟುತ್ತೆ. ಇವರಲ್ಲಿ ಯಾರಾದ್ರೂ ಒಬ್ಬ ರೋಗಿಯ ಹತ್ತಿರ ಸುಳಿದಿದ್ದಾರಾ?"

"ಛೆ! ಗಣ್ಯರು ಅಲ್ಲೆಲ್ಲ ಹೋಗ್ತಾರೇನಮ್ಮ? ಹಿಂದೆ ಹೋಗಿ ಕೂತ್ಕೋ."

ಹೇಂಟೆಗೆ ಮೈಯೆಲ್ಲ ಉರಿದುಹೋಯಿತು. ವೇದಿಕೆಗೆ ಹಾರಿ, ಹುಂಜನ ಜುಟ್ಟು ಕುಕ್ಕಿ, ಸೀಸೆ ಕಸಿದುಕೊಂಡಳು. ಒಂದು ಹನಿ ತಾನು ಕುಡಿದು, ಉಳಿದದ್ದನ್ನು ತನ್ನ ಜೊತೆ ರೋಗಿಗಳನ್ನು ನೋಡಿಕೊಳ್ಳಲು ಒಪ್ಪಿದ ನಾಲ್ವರಿಗೆ ಕುಡಿಸಿದಳು.

ಈ ಕೊನೆ ನಾನೇ ಕಟ್ಟಿದ್ದು ಕಣ್ರೀ. ನಿಜವಾಗಿ ಐದು ಹನಿಯೂ ವೇದಿಕೆಯ ಮೇಲೇ ಖಾಲಿಯಾಯಿತು, ಹುಂಜನಿಗೆ ಒಂದು ಗೀರೂ ಬೀಳಲಿಲ್ಲ. ಬೀಳಬೇಕಿತ್ತು.